ಗುಂಡಿ ಇದೆಯೇ?

ಗುರುಸ್ವಾಮಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೇಕಾರನಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಬೇರೆ ಬೇಕೇ? ಮೀಸೆ ಮೂಡುವ ಮುಂಚಿನಿಂದ ಮೊಳಕಾಲ್ಮುರಿನ ಅದೇ ಮನೆಯ ಪಡಸಾಲೆಯಲ್ಲಿ, ಅಪ್ಪ ತೋಡಿದ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವನು ಅವನು. ಈಗ ನೋಡಿದರೆ ಲಾಳಿ ನಾಲ್ಕು ಸಲ ಆಚೀಚೆ ಓಡುವಷ್ಟರಲ್ಲಿ ಎದ್ದುಬಿಡುತ್ತಿದ್ದ. ಬಾಗಿಲಿಗೆ ಹೋಗಿ ಬೀದಿ ನೋಡುವುದು, ಹಿತ್ತಲಿಗೆ ಹೋಗಿ ಗೋಡೆ ನೋಡುವುದು, ಮತ್ತೆ ಬಂದು ಕೂರುವುದು. ಅಷ್ಟರಲ್ಲಿ ಎಳೆ ಕಿತ್ತುಹೋಗಿರುತ್ತಿತ್ತು. ಅದಕ್ಕೊಂದಿಷ್ಟು ಬೈಗುಳ.

ಹೆಂಡತಿ ಚಿತ್ತಮ್ಮ ನೀರು ಕುಡಿಯುತ್ತಿರಲಿಲ್ಲ. ಅವನ ತಳಮಳಕ್ಕೆಲ್ಲ ಮೂಲ ಅದು.

ಕಳೆದ ಮಳೆಗಾಲದಲ್ಲಿ ಹಿತ್ತಲಿನ ಕಕ್ಕಸಿನ ಗುಂಡಿ ಕುಸಿದುಬಿತ್ತು. ಯಾರಾದರೂ ಬಿದ್ದಾರು ಎಂದು ಗುರುಸ್ವಾಮಿ ಅದಕ್ಕೆ ಮಣ್ಣು ತುಂಬಿಸಿದ. ಗಂಡಸು, ಬಸ್ ಸ್ಟ್ಯಾಂಡಿನ ಕಡೆ ಹೋಗಿ ಹೇಗೋ ನಿಭಾಯಿಸಿದ. ಚಿತ್ತಮ್ಮ ಪಕ್ಕದ ಮನೆಯ ಕರಿಯಕ್ಕನ ಬಾಗಿಲು ತಟ್ಟಬೇಕಾಯಿತು. ಕರಿಯಕ್ಕ ಕೆಟ್ಟವಳಲ್ಲ, ಒಂದು ದಿನವೂ ಬೇಡ ಅನ್ನಲಿಲ್ಲ. ಆದರೆ ಮೊದಲು ಹಾರುಹೊಡೆದಿರುತ್ತಿದ್ದ ಹಿತ್ತಲ ಬಾಗಿಲಿಗೆ ಈಚೆಗೆ ಒಳಗಿನಿಂದ ಚಿಲಕ ಬೀಳತೊಡಗಿತು. ಅಷ್ಟು ಸಾಕಿತ್ತು ಚಿತ್ತಮ್ಮನಿಗೆ. ಬಾಗಿಲು ತಟ್ಟುವುದನ್ನು ಕಡಿಮೆ ಮಾಡಲು ನೀರು ಕುಡಿಯುವುದನ್ನೇ ಬಿಟ್ಟಳು.

ಸೊಂಟದ ಹಿಂದೆ ನೋವು ಬಂದಾಗ ಡಾಕ್ಟರು ಕಿಡ್ನಿಯಲ್ಲಿ ಕಲ್ಲು ಎಂದರು. ಹೀಗೇ ನೀರು ಬಿಟ್ಟರೆ ಕಿಡ್ನಿಯನ್ನೇ ಕಳೆದುಕೊಳ್ಳುತ್ತೀ ಎಂದು ಗದರಿಸಿದರು. ಅವಳು ತಲೆಯಾಡಿಸಿದಳು. ಮನೆಗೆ ಬಂದು ಚೊಂಬು ಎತ್ತಿ, ತುಟಿ ಒದ್ದೆ ಮಾಡಿಕೊಂಡು, ಉಳಿದದ್ದನ್ನು ಯಾರಿಗೂ ಕಾಣದಂತೆ ತುಳಸಿಗೆ ಸುರಿದಳು. ಆ ಬೇಸಿಗೆಯಲ್ಲಿ ಬೀದಿಗೆಲ್ಲ ಹಸಿರಾಗಿದ್ದದ್ದು ಅವರ ಮನೆಯ ತುಳಸಿ ಒಂದೇ. ನೋಡಿದವರು ಚಿತ್ತಮ್ಮನ ಭಕ್ತಿಯನ್ನು ಹೊಗಳಿದರು. ಅದು ಯಾಕೆ ಹಸಿರಾಗಿದೆಯೆಂದು ಊಹಿಸಿದ್ದ ಗುರುಸ್ವಾಮಿ ಆ ಗಿಡದ ಕಡೆ ತಿರುಗಿ ನೋಡುತ್ತಿರಲಿಲ್ಲ.

ಸೆಪ್ಟಿಕ್ ಟ್ಯಾಂಕಿಗೆ ಅನುಮತಿ ಕೇಳಿ ಪಟ್ಟಣ ಪಂಚಾಯಿತಿಗೆ ಅರ್ಜಿ ಹಾಕಿದ್ದ, ಹಾಕಿಲ್ಲವೆಂದಲ್ಲ. ಕೆಡಿಸಿದವನೂ ಅವನೇ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಆವರಣದಲ್ಲಿ ಈಗಾಗಲೇ ಗುಂಡಿ ಇದೆಯೇ? ಮನೆಯಲ್ಲಿ ಅವರು ಆಡುವುದು ತೆಲುಗು. ಆ ತೆಲುಗಿನಲ್ಲಿ ಗುಂಡಿಗೆ ಗುಂಟ ಅನ್ನುತ್ತಾರೆ; ನೇಕಾರರಿಗೆ ಗುಂಟ ಎಂದರೆ ಮಗ್ಗದ ಗುಂಡಿ, ಬೇರೆ ಯಾವುದೂ ಅಲ್ಲ. ಗುಂಡಿ ಇಲ್ಲದ ನೇಕಾರನ ಮನೆ ಇದ್ದೀತೇ? ಒಳ್ಳೇ ಅಕ್ಷರದಲ್ಲಿ ‘ಇದೆ’ ಎಂದು ಬರೆದ. ಸುಸ್ಥಿತಿಯಲ್ಲಿದೆಯೇ ಎಂಬುದಕ್ಕೂ ‘ಇದೆ, ದಿನವೂ ಬಳಸುತ್ತೇವೆ’ ಎಂದು ಹೆಮ್ಮೆಯಿಂದ ಸೇರಿಸಿದ. ಗುಂಡಿ ಇರುವುದರಿಂದ ಹೊಸದರ ಅಗತ್ಯವಿಲ್ಲ ಎಂದು ಅರ್ಜಿ ತಿರುಗಿ ಬಂತು.

ಅನುಮತಿ ಕೊಡಬೇಕಾದ ಪಂಚಾಯಿತಿ ಇಂಜಿನಿಯರು ಒಂದು ದಿನ ಚಳ್ಳಕೆರೆಯಲ್ಲಿ ಸಿಗುತ್ತಾರೆಂದು ಗೊತ್ತಾಗಿ, ಅರ್ಧ ನೇಯ್ದ ಸೀರೆ ಬಿಟ್ಟು ಬಸ್ ಹತ್ತಿದ. ದಾರಿಯ ನಡುವಿನ ತಳಕು ಊರು ದಾಟುವ ಮೊದಲೇ ಇಳಿಯಲು ಎದ್ದು ನಿಂತು ಕಂಡಕ್ಟರನಿಂದ ಬೈಸಿಕೊಂಡ. ಇಂಜಿನಿಯರು ವೀಣಾ ಎಂಬ ಹೆಣ್ಣುಮಗಳು. ಕಕ್ಕಸಿನ ಮಾತನ್ನು ಹೆಣ್ಣುಮಗಳ ಎದುರು ಹೇಗೆ ಎತ್ತುವುದೆಂದು ಇವನು ಹವಾಮಾನ, ಸೀರೆಯ ಧಾರಣೆ, ಎಲ್ಲ ಸುತ್ತಿಕೊಂಡು ಬಂದ.

“ನಿಮ್ಮ ಮನೇಲಿ ಗುಂಡಿ ಇದೆಯೋ ಇಲ್ವೋ, ಅದನ್ನ ಹೇಳಿ” ಎಂದಳು ವೀಣಾ.

“ಐತೆ ಮೇಡಂ. ಆದ್ರೆ ಅದು ಕಾಲು ಇಳಿಬಿಡೋಕೆ.”

ವಿಷಯ ತಿಳಿದಾಗ ಅವಳು ನಕ್ಕಳು. ಚಿತ್ತಮ್ಮನ ಕಥೆ ಕೇಳಿದ ಮೇಲೆ ನಗು ನಿಂತಿತು. ತಾನೇ ಬಂದು ಜಾಗ ನೋಡುತ್ತೇನೆ ಎಂದಳು.

ಹೇಳಿದಂತೆ ಬಂದಳು. ಟೇಪು ಹಿಡಿದು ಹಿತ್ತಲು ಅಳೆದಳು. ಗೋಡೆಯ ಆಚೆಗೇ ಕರಿಯಕ್ಕನ ಬೋರ್‌ವೆಲ್, ಇಡೀ ಸಾಲಿನವರು ಕುಡಿಯುವುದು ಅದರ ನೀರು. ಹಳೆಯ ಗುಂಡಿ ಬೋರು ಕೊರೆಸುವ ಮೊದಲಿನದು, ಈಗ ಹಿತ್ತಲಲ್ಲಿ ಟ್ಯಾಂಕಿಗೆ ಅನುಮತಿ ಕೊಡಲಾಗದು ಎಂದಳು. ಉದ್ದನೆಯ ಮನೆ, ಬೋರಿನಿಂದ ಬೇಕಾದಷ್ಟು ದೂರ ಸಿಗುವುದು ಮುಂದಿನ ಪಡಸಾಲೆ ಒಂದರಲ್ಲೇ. ಕಕ್ಕಸು ಹಿಂದೆಯೇ ಇರಲಿ, ಪೈಪು ಹಾಕಿ ಮುಂದಕ್ಕೆ ತನ್ನಿ ಎಂದು ಹೇಳಿ, ಮಗ್ಗದ ಗುಂಡಿಯ ಪಕ್ಕ ನಿಂತಳು.

“ಇಲ್ಲಿ ಆಗುತ್ತೆ ಗುರುಸ್ವಾಮಿಯವರೇ. ಇಲ್ಲಿ ಬಿಟ್ರೆ ಬೇರೆಲ್ಲೂ ಆಗಲ್ಲ.”

ಗುರುಸ್ವಾಮಿಗೆ ಕೆನ್ನೆಗೆ ಹೊಡೆದಂತಾಯಿತು. ಅನ್ನ ಕೊಟ್ಟ ಗುಂಡಿಗೆ ಹೇಲು ತುಂಬಿಸುವುದೇ? ಮಗ್ಗವನ್ನು ಬೇಕಾದರೆ ಒಳಕೋಣೆಯಲ್ಲಿ ಚೌಕಟ್ಟಿನ ಮೇಲೆ ನಿಲ್ಲಿಸಬಹುದಿತ್ತು, ಎಷ್ಟೋ ಜನ ಹಾಗೆ ಮಾಡಿಕೊಂಡಿದ್ದರು. ಆದರೆ ಗುಂಡಿಯ ತಂಪನ್ನು ಎಲ್ಲಿಂದ ತರುವುದು? ಈ ಬಿಸಿಲ ಸೀಮೆಯಲ್ಲಿ ರೇಷ್ಮೆಯ ಎಳೆ ಕಿತ್ತುಹೋಗದಂತೆ ಕಾಪಾಡಿದ್ದು ಆ ತಂಪು. ಅಪ್ಪನ ಹಿಮ್ಮಡಿ ತಾಗಿ ಸವೆದ ಅಂಚು ಈಗಲೂ ಹಾಗೇ ಇತ್ತು. ವೀಣಾ ಹೋದಮೇಲೆ ಮೇಸ್ತ್ರಿ ಪೆದ್ದಣ್ಣನ ಹತ್ತಿರ ಓಡಿದ. ಅನುಮತಿಗೆ ಯಾಕೆ ಅಲೀತೀಯ, ಹಿತ್ತಲಲ್ಲೇ ಸದ್ದಿಲ್ಲದೆ ತೋಡಿಬಿಡೋಣ ಎಂದು ಪೆದ್ದಣ್ಣ ಧೈರ್ಯ ಕೊಟ್ಟ. ಗುರುಸ್ವಾಮಿ ಹೂಂ ಅಂದೇಬಿಟ್ಟ.

ಹೂಂ ಅಂದವನು ನೆಟ್ಟಗೆ ಮನೆಗೆ ಬರಲಿಲ್ಲ. ಬಜಾರಿನಲ್ಲಿ ಒಂದು ಸುತ್ತು, ಬಸ್ ಸ್ಟ್ಯಾಂಡಿನಲ್ಲಿ ಒಂದು ಸುತ್ತು. ಚಹಾ ತಗೊಂಡು ಕುಡಿಯದೆ ಇಟ್ಟ. ಹೆಂಡತಿ ಯಾರ ಮನೆಯ ಬಾಗಿಲು ತಟ್ಟುತ್ತಾಳೋ ಅವರ ನೀರಿಗೇ ಹೊಲಸು ಬಿಡುವುದು ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮನೆ ಸೇರಿದಾಗ ಚಿತ್ತಮ್ಮ ತುಳಸಿಯ ಮುಂದೆ ಬಾಗಿ ಚೊಂಬು ಬಗ್ಗಿಸುತ್ತಿದ್ದಳು. ಒಂದು ಕೈ ಸೊಂಟ ಒತ್ತಿಹಿಡಿದಿತ್ತು, ತುಟಿ ಒಡೆದಿತ್ತು. ಗಂಡನನ್ನು ಕಂಡು ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಂಡಳು. ಗುರುಸ್ವಾಮಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಾಲಿಗೆ ತಂಪು ಬೇಕೆಂದು ಎಷ್ಟು ಯೋಚಿಸಿದ್ದ!

ಪೆದ್ದಣ್ಣನಿಗೆ ಬೇಡವೆಂದು ಹೇಳಿಕಳಿಸಿ ಮಗ್ಗಕ್ಕೆ ಕೂತ. ಆ ಸೀರೆ ಮುಗಿಯುವವರೆಗೂ ಬೀದಿ ನೋಡಲು ಏಳಲಿಲ್ಲ, ಎಳೆಯೂ ಕಿತ್ತುಹೋಗಲಿಲ್ಲ. ಸೀರೆಯನ್ನು ಕತ್ತರಿಸಿ ಇಳಿಸಿ, ಮಗ್ಗ ಬಿಚ್ಚಿ, ಒಂದೊಂದೇ ಮರವನ್ನು ಒರೆಸಿ ಒಳಕೋಣೆಗೆ ಸಾಗಿಸಿದ. ಗುಂಡಿಯ ಅಂಚಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದ. ಅಳು ಬಂತು, ಅತ್ತ. ಆಮೇಲೆ ಅಲ್ಲೇ ನೆಲದ ಮೇಲೆ ಹೊಸ ಅರ್ಜಿ ಹಾಸಿಕೊಂಡು, ಅದೇ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದ.

ಚಿತ್ತಮ್ಮ ಪಕ್ಕದಲ್ಲಿ ನಿಂತು ಓದಿದಳು. ಅಡುಗೆಮನೆಗೆ ಹೋಗಿ ಚೊಂಬಿನ ತುಂಬ ನೀರು ತಂದು, ಅವನೆದುರೇ ನಿಂತು ಎತ್ತಿ ಕುಡಿಯತೊಡಗಿದಳು.

“ನಿಧಾನ ಕಣೇ” ಎಂದ ಗುರುಸ್ವಾಮಿ. “ಇನ್ನೂ ಅನುಮತಿ ಬಂದಿಲ್ಲ.”

“ಬರೋವರ್ಗೂ ಕರಿಯಕ್ಕನ ಚಿಲಕ ತಟ್ತೀನಿ ಬಿಡ್ರಿ” ಎಂದಳು ಉಸಿರು ತೆಗೆದುಕೊಳ್ಳುತ್ತ. “ನನಗೆ ಬಾಯಾರಿಕೆ ಆಗೈತೆ.”

ಮತ್ತೆ ಚೊಂಬು ಎತ್ತಿದಳು. ಅಂದು ತುಳಸಿಗೆ ನೀರು ಉಳಿಯಲಿಲ್ಲ.