ಮಂಜಿನಾಚೆಯ ದಾರಿ

"ಅಲ್ಲಿ ಬೆರಳಿಡ್ಬೇಡಿ ಸಾರ್, ಮಂಜೈತೆ," ಎನ್ನುತ್ತಿದ್ದರು ಡ್ರಾಯಿಂಗ್ ಮೇಷ್ಟ್ರು ಸಂಜೀವಪ್ಪ. ಬೆರಳಿಟ್ಟ ಜಾಗದಲ್ಲಿ ಏನೂ ಇರುತ್ತಿರಲಿಲ್ಲ. ಬರೀ ಬಿಳಿ ಹಾಳೆ. ಮೇಲೊಂದು ಬಂಡೆ, ಕೆಳಗೊಂದು ಮರ, ನಡುವೆಯೆಲ್ಲ ಖಾಲಿ. ಅವರ ಚಿತ್ರಗಳೇ ಹಾಗೆ.

ಮುಳಬಾಗಿಲಿನ ಅದೇ ಸ್ಕೂಲಿನಲ್ಲಿ ನಾನು ಚರಿತ್ರೆ ಹೇಳುತ್ತಿದ್ದೆ. ಮೈಸೂರಿನಲ್ಲಿ ಎಂ.ಎ. ಮಾಡಿದ ಜಂಬ ಇನ್ನೂ ಇಳಿದಿರಲಿಲ್ಲ.

"ನಮ್ ಕಡೆ ಮಂಜೆಲ್ಲಿ ಬಂತು ಮೇಷ್ಟ್ರೆ? ಬರೀ ಕಲ್ಲು, ಬಿಸಿಲು."

"ನಿಮಗೆ ಎಲ್ಲಾ ಕಾಣ್ಬೇಕು ಸಾರ್. ಬೆಟ್ಟಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?"

ಪ್ರಾಯದಲ್ಲಿ ಮೇಷ್ಟ್ರು ಕಲ್ಕತ್ತೆಗೆ ಹೋಗಿದ್ದಾಗ ಒಬ್ಬ ಚೀನೀ ಮುದುಕನ ಬಳಿ ಕೂತು ಕಲಿತ ವಿದ್ಯೆ ಅದು. ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ಗಂಧದಂತೆ ತೇಯುವರು. ಬೇರೆ ಬಣ್ಣವಿಲ್ಲ. ಮನುಷ್ಯರನ್ನು ಬಿಡಿಸಿದರೆ ಅಕ್ಕಿಕಾಳಿನಷ್ಟು. "ಬೆಟ್ಟದ ಮುಂದೆ ನಾವಿರೋದೇ ಅಷ್ಟು," ಎನ್ನುವರು. ಚೀನಾದಲ್ಲಿ ನಡೆಯಲಾರದವರು ಇಂಥ ಚಿತ್ರವನ್ನು ತೂಗುಹಾಕಿಕೊಂಡು ಮಲಗಿದಲ್ಲೇ ಬೆಟ್ಟ ತಿರುಗುತ್ತಾರಂತೆ. ಕೇಳಿ ನಾನು ನಕ್ಕಿದ್ದೆ.

ಯುದ್ಧ ಬಂತು. ಅವರ ಒಬ್ಬನೇ ಮಗ ಸೀನ ಪಟಾಲಮ್ಮಿಗೆ ಸೇರಿ ಬರ್ಮಾಕ್ಕೆ ಹೋದ. ಬರ್ಮಾ ಬಿದ್ದ ಮೇಲೆ ಅವನ ಸುದ್ದಿಯಿಲ್ಲ. ತಾಯಿ ನಾರಾಯಣಮ್ಮ ಹಾಸಿಗೆ ಹಿಡಿದರು. ಆವನಿ ಬೆಟ್ಟದ ಗುಡಿಯ ಸೀತಮ್ಮನನ್ನು ಬೇಡಿ ಅವರು ಅವನನ್ನು ಪಡೆದಿದ್ದರು; ಇನ್ನೊಮ್ಮೆ ಆ ಬೆಟ್ಟ ಹತ್ತಿ ಬೇಡಬೇಕೆಂಬುದೊಂದೇ ಆಸೆ. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಮೇಷ್ಟ್ರು ತಮ್ಮಲ್ಲಿ ಉಳಿದಿದ್ದ ಕೊನೆಯ ಚೀನೀ ಕಾಗದದಲ್ಲಿ ಆವನಿ ಬೆಟ್ಟ ಬಿಡಿಸಿ, ಹಾಸಿಗೆಯ ಪಕ್ಕದ ಗೋಡೆಗೆ ತೂಗುಹಾಕಿದರು.

ನಾನು ನೋಡಲು ಹೋದ ದಿನ ಆಕೆ ಚಿತ್ರದ ಬೆಟ್ಟದ ದಾರಿಯಲ್ಲಿ ಬೆರಳಾಡಿಸುತ್ತಿದ್ದರು. "ಈ ಬಂಡೆ ಮೇಲೆ ಒಸಿ ಸುಧಾರಿಸ್ಕೊಂತೀನಿ," ಎಂದು ನಿಂತು, ಮತ್ತೆ ಹೊರಟರು. ಮಂಜಿನ ಮೇಲೂ ಬೆರಳಿಟ್ಟರು. ಮೇಷ್ಟ್ರು ಬೇಡವೆನ್ನಲಿಲ್ಲ. ಮಂಜಿನಾಚೆಯ ದಾರಿಯಲ್ಲಿ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯನಿದ್ದ.

"ನಮ್ ಸೀನಾನಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ವಸ್ತುನ್ನಾಡಾ, ಪೋತುನ್ನಾಡಾ?" ಎಂದು ತೆಲುಗಿನಲ್ಲಿ ಕೇಳಿ, ನಾನಿರುವುದು ನೆನಪಾಗಿ, "ಬರ್ತಾವ್ನಾ, ಹೋಗ್ತಾವ್ನಾ ಅಂದೆ," ಎಂದರು.

ಮೇಷ್ಟ್ರು ಬಹಳ ಹೊತ್ತು ಚಿತ್ರವನ್ನೇ ನೋಡಿದರು. "ಬರ್ತಾವ್ನೆ ಕಣೇ."

"ಹಂಗಾದ್ರೆ ಬಾಗ್ಲು ಹಾಕ್ಬೇಡಿ."

ರಾಗಿ ಕೊಯ್ಲಿಗೆ ಮುಂಚೆಯೇ ಆಕೆ ತೀರಿಕೊಂಡರು.

ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ಹುಡುಗರಿಗೆ ಪಾಠ ಹೇಳಿದವನು ನಾನು. ಇದಕ್ಕೀಗ ನಾನೊಬ್ಬನೇ ಸಾಕ್ಷಿ. ಆ ತೆಲುಗು ಮಾತು ಖಂಡಿತ ನಿಜ. ಮೇಷ್ಟ್ರು ಅಷ್ಟು ಹೊತ್ತು ಸುಮ್ಮನಿದ್ದರೋ, ಆಮೇಲಿನ ತಿಳಿವಳಿಕೆಯಿಂದ ನಾನೇ ಆ ಮೌನವನ್ನು ಉದ್ದಮಾಡಿಕೊಂಡೆನೋ, ಹೇಳಲಾರೆ. ನೆನಪು ಪ್ರತಿ ಸಲವೂ ಒಂದಿಷ್ಟು ಹೊಸ ಮಸಿ ಬಳಿಯುತ್ತದೆ.

ಮರುವರ್ಷ ನನಗೆ ಕೋಲಾರಕ್ಕೆ ವರ್ಗವಾಯಿತು. ಹೇಳಿ ಹೋಗಲು ಮೇಷ್ಟ್ರ ಮನೆಗೆ ಹೋದೆ. ಅವರನ್ನು ನೋಡಿದ್ದು ಅದೇ ಕೊನೆ. ಹಾಸಿಗೆ ಸುತ್ತಿಟ್ಟಿದ್ದರು, ಚಿತ್ರ ಅಲ್ಲೇ ಇತ್ತು. ಹತ್ತಿರ ಬಗ್ಗಿ ನೋಡಿದರೂ ಆ ಕಾಳಿನಷ್ಟು ಮಸಿ ಯಾವ ಕಡೆ ತಿರುಗಿದೆಯೆಂದು ನನಗೆ ತಿಳಿಯಲಿಲ್ಲ. ತಡೆಯಲಾರದೆ ಕೇಳಿಬಿಟ್ಟೆ.

"ಬೆನ್ನೇ ಬಿಡಿಸಿದ್ದು ಸಾರ್," ಎಂದರು. "ಬಸ್ ಹತ್ತೋವಾಗ ಕೊನೇಗೆ ಕಂಡಿದ್ದು ಅದೇ. ಈ ಕಡೆ ತಿರುಗ್ಸೋಕೆ ಕೈ ಬರ್ಲಿಲ್ಲ."

ನಾನು ಎದ್ದೆ. ಹೊಸ್ತಿಲು ದಾಟಿ ಬಾಗಿಲನ್ನು ಎಳೆದುಕೊಳ್ಳುತ್ತಿದ್ದಾಗ ಒಳಗಿನಿಂದ ಅವರ ದನಿ ಕೇಳಿಸಿತು.

"ತೆಗೆದೇ ಇರ್ಲಿ ಸಾರ್."