ಎಕ್ಸ್‌ರೇ ಮೇಡಂ ಫೋಟೋ ಗುಂಪಿಗೆ ಸೇರಿದ್ದು

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬರದೇ ದನಿ. "ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲುಗಾಡ್ಬೇಡಿ... ಹಾಂ, ಬಿಡಿ." ದಿನಕ್ಕೆ ಅರವತ್ತು ಎಪ್ಪತ್ತು ಎದೆ, ಮೊಣಕಾಲು, ಮಣಿಕಟ್ಟು. ಅವರಿಗೊಂದು ಹೆಸರಿದೆ ಎನ್ನುವುದನ್ನೇ ಆಸ್ಪತ್ರೆ ಮರೆತಿತ್ತು. ಎಲ್ಲರಿಗೂ ಅವರು ಎಕ್ಸ್‌ರೇ ಮೇಡಂ.

ಅವರ ತಮ್ಮ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಅಕ್ಕನ ಕೈಗೆ ಹಾಕಿದ. "ನೀನೂ ಫೋಟೋ ತೆಗೆಯೋಳೇ ಅಲ್ವಾ" ಅಂದ. ಅವನಿಗದು ತಮಾಷೆ. ಮೇಡಂಗೆ ಮಾತ್ರ ಒಂದೇ ವಾರದಲ್ಲಿ ಹುಚ್ಚು ಹತ್ತಿಕೊಂಡಿತು. ಗಂಡ, ಮಗಳು, ಪಕ್ಕದ ಮನೆಯ ಅಜ್ಜ, ಹಾಲಿನವಳು, ಯಾರನ್ನೂ ಬಿಡಲಿಲ್ಲ. ಆದರೆ ಎಲ್ಲ ಚಿತ್ರಗಳಲ್ಲೂ ಜನ ನೆಟ್ಟ ಕಂಬದ ಹಾಗೆ ನಟ್ಟನಡುವೆ ನಿಂತಿರುತ್ತಿದ್ದರು. ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತಿತ್ತು. ಏನು ಎಂದು ಗೊತ್ತಾಗುತ್ತಿರಲಿಲ್ಲ.

"ನಮ್ಮ ಗುಂಪಿಗೆ ಸೇರ್ಕೋ ಅಕ್ಕ. ಒಂಬತ್ತು ಸಾವಿರ ಜನ ಇದೀವಿ. ಆರು ತಿಂಗಳಲ್ಲಿ ನಿನ್ನ ಕೈ ಹೇಗೆ ಪಳಗುತ್ತೆ ನೋಡು" ಎಂದ ತಮ್ಮ, ಅವರ ಫೋನು ಕಸಿದು ತಾನೇ ಸೇರಿಸಿಬಿಟ್ಟ. ಅವನು ಆ ಆನ್‌ಲೈನ್ ಗುಂಪಿನ ಮೇಲ್ವಿಚಾರಕರಲ್ಲೊಬ್ಬ.

ಮೇಡಂ ಮೊದಲು ಹಾಕಿದ್ದು ಗಂಡ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿರುವ ಚಿತ್ರ. ಅರ್ಧ ಗಂಟೆಯಲ್ಲಿ ಎಂಬತ್ತಮೂರು ಲೈಕು. ಮೂವತ್ತೊಂದು ಜನ "ಸೂಪರ್ ಮೇಡಂ" ಎಂದರು. ನಾಲ್ವರು ಯಾವ ಕ್ಯಾಮೆರಾ ಎಂದು ಕೇಳಿದರು. ಒಬ್ಬ ಮಹಾಶಯ ಹುಟ್ಟುಹಬ್ಬದ ಶುಭಾಶಯ ಕೋರಿದ. ಮೊದಲ ದಿನ ಮೇಡಂ ಹಿಗ್ಗಿದ್ದು ನಿಜ. ಹತ್ತನೆಯ ಚಿತ್ರಕ್ಕೂ ಅದೇ ಸೂಪರ್ ಬಂದಾಗ ಮೈಯೆಲ್ಲ ಉರಿದುಹೋಯಿತು. ಹನ್ನೊಂದನೆಯದನ್ನು ಬೇಕೆಂದೇ ಕೆಟ್ಟದಾಗಿ ತೆಗೆದರು: ಹೊಗೆ ಹಿಡಿದ ಗೋಡೆ, ಮಸುಕು ಮಸುಕಾಗಿ. ಅದಕ್ಕೂ ಸೂಪರ್ ಬಂತು!

"ದಯವಿಟ್ಟು ಎಲ್ಲಿ ತಪ್ಪಿದೆ ಹೇಳಿ, ಹೊಗಳಬೇಡಿ" ಎಂದು ಬರೆದು, ಶೂ ಲೇಸಿನ ಚಿತ್ರವನ್ನೇ ಮತ್ತೆ ಹಾಕಿದರು. ಅದೇ ಎಡವಟ್ಟಾಯಿತು. ಬಲಗಡೆ ಕತ್ತರಿಸಿ ಎಂದನೊಬ್ಬ. ಎಡಗಡೆ ಕತ್ತರಿಸಿ ಎಂದ ಇನ್ನೊಬ್ಬ. ಕಪ್ಪುಬಿಳುಪು ಮಾಡಿ, ಬೆಳಗಿನ ಬಿಸಿಲಲ್ಲಿ ತೆಗೀರಿ, ಸಂಜೆ ತೆಗೀರಿ, ಲೆನ್ಸ್ ಬದಲಾಯಿಸಿ. ಕೊನೆಗೊಬ್ಬ, "ಮೆಟ್ಟಿಲು ಚೆನ್ನಾಗಿದೆ, ಆ ವ್ಯಕ್ತಿಯನ್ನು ತೆಗೆದರೆ ಚಿತ್ರ ಇನ್ನೂ ಚೆನ್ನಾಗಿರುತ್ತೆ" ಎಂದು ಬರೆದ.

ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದ ಗಂಡ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. "ನನ್ನನ್ನೇ ತೆಗೀಬೇಕಂತಾ?"

"ರೀ, ಚಿತ್ರದಿಂದ ರೀ."

"ಮನೆ ನಂದು, ಮೆಟ್ಟಿಲು ನಂದು, ಶೂ ನಂದು" ಎಂದು ಗೊಣಗುತ್ತ ಅವರು ಡ್ಯೂಟಿಗೆ ಹೋದರು.

ಆಮೇಲಿನ ಎರಡು ತಿಂಗಳು ಮೇಡಂ ಎಲ್ಲರ ಮಾತನ್ನೂ ಕೇಳಿದರು. ಕಿಟಕಿಯ ಪಕ್ಕ ಕಪ್ ಹಿಡಿಸಿ ನಿಲ್ಲಿಸಿದ ಗಂಡನ ಕೈಯಲ್ಲಿ ಟೀ ತಣ್ಣಗಾಗುತ್ತಿತ್ತು. "ಸ್ವಲ್ಪ ಎಡಕ್ಕೆ, ಗದ್ದ ಮೇಲೆ, ಅಲುಗಾಡ್ಬೇಡ" ಎಂದಾಗ ಕಾಲೇಜಿಗೆ ಹೊರಟಿದ್ದ ಮಗಳು ರೇಗಿಬಿಟ್ಟಳು. "ಅಮ್ಮ, ನಾನು ನಿನ್ನ ಪೇಷಂಟಲ್ಲ!" ಇಷ್ಟೆಲ್ಲ ಗೋಳು ಹೊಯ್ದುಕೊಂಡರೂ ಚಿತ್ರಗಳಲ್ಲಿ ಕಂಬ ಕಂಬವೇ. ತಲೆ ಚಿಟ್ಟುಹಿಡಿದು, ಗುಂಪನ್ನೇ ಬಿಟ್ಟುಬಿಡೋಣವೆಂದು ಒಂದು ಭಾನುವಾರ ಫೋನು ಕೈಗೆತ್ತಿಕೊಂಡರು.

ಆಗಲೇ ಹೊಸ ಸದಸ್ಯೆಯೊಬ್ಬಳ ಚಿತ್ರ ಎದುರಿಗೆ ಬಂತು. ಅವಳು ಟೈಲರ್, ಗುಂಪಿನಲ್ಲಿ ಇಟ್ಟುಕೊಂಡ ಹೆಸರು "ಸೂಜಿ". ತನ್ನ ಅಂಗಡಿಯಲ್ಲಿ ಬಟ್ಟೆಗೆ ಗುಂಡಿ ಹಾಕುತ್ತಿರುವ ಮುದುಕಿಯ ಚಿತ್ರ ಹಾಕಿದ್ದಳು. ಕೆಳಗೆ ಸಾಲುಗಟ್ಟಿ ಸೂಪರ್. ಮೇಡಂ ಬೆರಳೂ ಅಭ್ಯಾಸಬಲದಿಂದ ಅದನ್ನೇ ಒತ್ತಿತ್ತು, ನಾಚಿಕೆಯಾಗಿ ಅಳಿಸಿದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಡಾಕ್ಟರೊಬ್ಬರು ಹೇಳಿಕೊಟ್ಟಿದ್ದೊಂದಿತ್ತು. ಫಿಲ್ಮ್ ನೋಡುವಾಗ ಮೊದಲು ಮೂಲೆಗಳನ್ನು ನೋಡಬೇಕು. ಮುರಿದ ಮೂಳೆ ಕಣ್ಣಿಗೆ ಬಿತ್ತೆಂದರೆ ಆಮೇಲೆ ಬೇರೇನೂ ಕಾಣುವುದಿಲ್ಲ. ಮೇಡಂ ಆ ಚಿತ್ರದ ಮೂಲೆಗಳನ್ನು ನೋಡಿದರು. ಮೇಲೆ ಸ್ವಿಚ್‌ಬೋರ್ಡು, ಬಲಗಡೆ ಯಾರದೋ ಮೊಣಕೈ, ಕೆಳಗೆ ಅರ್ಧ ಪ್ಲಾಸ್ಟಿಕ್ ಕುರ್ಚಿ. ಮುದುಕಿಯ ಬೆರಳುಗಳು ಮಾತ್ರ ನೆರಳಲ್ಲಿ ಮುಳುಗಿದ್ದವು. ಕಂಡದ್ದನ್ನೆಲ್ಲ ಮುಲಾಜಿಲ್ಲದೆ ಬರೆದು ಕಳಿಸಿದರು.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಬೆರಳಿನ ಮಾತು ಒಪ್ಪಿದೆ. ಈಗ ನಿಮ್ಮ ಚಿತ್ರ ಎಲ್ಲಾ ನೋಡ್ದೆ. ಜನ ಯಾಕೆ ಹಾಗೆ ಉಸಿರು ಕಟ್ಟಿ ನಿಂತಿದಾರೆ? ನೀವು ಏನೋ ಹೇಳ್ತಾ ಇರ್ತೀರಿ ಅನ್ಸುತ್ತೆ. ಒಂದು ವಾರ ಬಾಯಿ ಮುಚ್ಕೊಂಡು ತೆಗೆದು ನೋಡಿ."

ಮೇಡಂಗೆ ಎಲ್ಲಿಲ್ಲದ ಸಿಟ್ಟು. "ನಿನ್ನೆ ಮೊನ್ನೆ ಬಂದೋಳು, ನನಗೆ ಬಾಯಿ ಮುಚ್ಚು ಅಂತಾಳೆ!" ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರು. ಎರಡು ದಿನ ಕುದ್ದರು. ಮೂರನೆಯ ದಿನ ಆಸ್ಪತ್ರೆಯಲ್ಲಿ, ಹೊಸ ನರ್ಸ್ ತಮಾಷೆಗೆ ಫೋಟೋ ತೆಗೆಯಿರಿ ಎಂದಾಗ, ತನ್ನ ಬಾಯಿಂದಲೇ "ಉಸಿರು ಹಿಡ್ಕೊ" ಎಂದು ಬಂದದ್ದು ಮೇಡಂಗೇ ಕೇಳಿಸಿತು. ಆ ಹುಡುಗಿ ನಿಜಕ್ಕೂ ಉಸಿರು ಬಿಗಿಹಿಡಿದು ನಿಂತಿದ್ದಳು.

ಬಾಯಿ ಮುಚ್ಚುವುದು ಸುಲಭವಾಗಿರಲಿಲ್ಲ. ಮನೆಯಲ್ಲಿ ಕ್ಯಾಮೆರಾ ಹಿಡಿದು ತೆಪ್ಪಗೆ ಕೂತ ಹೆಂಡತಿಯನ್ನು ಕಂಡು ಗಂಡ, "ಹುಷಾರಿಲ್ವೇನೇ?" ಎಂದು ಹಣೆ ಮುಟ್ಟಿ ನೋಡಿದರು. ಐದು ದಿನ ಒಂದೂ ಸರಿಬರಲಿಲ್ಲ. ಆರನೆಯ ದಿನ ಹಿಂದಿನ ವರಾಂಡದಲ್ಲಿ ಮಗಳು ಅಪ್ಪನ ತಲೆಗೂದಲು ಕತ್ತರಿಸುತ್ತಿದ್ದಳು. ಹೆಗಲ ಮೇಲೆ ಟವೆಲ್ಲು; "ಕಿವಿ ಜೋಪಾನ ಕಣೇ" ಎಂದು ಅವರು ತಲೆ ಹಿಂದಕ್ಕೆಳೆದರು, ಅವಳು ಕತ್ತರಿ ಮೇಲೆತ್ತಿ ನಕ್ಕಳು. ಸರಿಯಾಗಿ ಕೂತ್ಕೊಳ್ಳಿ ಎನ್ನಲು ನಾಲಿಗೆ ತುರಿಸುತ್ತಿತ್ತು. ಮೇಡಂ ಹಲ್ಲು ಕಚ್ಚಿಕೊಂಡು ಒತ್ತಿದರು.

ಗುಂಪಿನಲ್ಲಿ ಅದಕ್ಕೆ ಬಿದ್ದದ್ದು ಏಳು ಲೈಕು. ಕೈ ಮಸುಕಾಗಿದೆ, ಟ್ರೈಪಾಡ್ ಬಳಸಿ ಎಂದು ಇಬ್ಬರು ಬುದ್ಧಿ ಹೇಳಿದರು. ಸೂಜಿ ಬರೆದಳು: "ಇವತ್ತು ನಿಮ್ಮನೆಯೋರು ಜೀವಂತ ಇದಾರೆ. ಬಾಗಿಲ ಚಿಲಕ ಮಗಳ ತಲೆಯಿಂದ ಹುಟ್ಟಿದ ಹಾಗಿದೆ. ಒಂದು ಹೆಜ್ಜೆ ಎಡಕ್ಕೆ ಹೋಗ್ಬೇಕಿತ್ತು." ಮೇಡಂ ನೋಡಿದರು. ಹೌದು, ಚಿಲಕ! ಅದು ಹೇಗೆ ತಪ್ಪಿಹೋಯಿತು? ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಒಬ್ಬರಿಗೊಬ್ಬರು ಐದೈದು ಚಿತ್ರ ಕಳಿಸಿ ಜಗಳ ಆಡತೊಡಗಿದರು.

ಮುಂದಿನ ಸಲ ಮನೆಗೆ ಬಂದ ತಮ್ಮ, ವರಾಂಡದ ಚಿತ್ರ ನೋಡಿ ಬೀಗಿದ. "ಹೇಳಿರ್ಲಿಲ್ವಾ? ಗುಂಪು ಸೇರಿದ್ದಕ್ಕೇ ಇದೆಲ್ಲ."

"ಯಾವ ಗುಂಪೋ? ಒಂಬತ್ತು ಸಾವಿರ ಜನರಲ್ಲಿ ಒಬ್ಬಳು ಕಣ್ಣು ಬಿಟ್ಟು ನೋಡಿದಳು. ಅವಳನ್ನ ಹುಡುಕೋಕೆ ನನ್ನ ಎರಡು ತಿಂಗಳು ಮಣ್ಣಾಯ್ತು."

"ಆದ್ರೂ ಸಿಕ್ಕಿದ್ದು ಎಲ್ಲಿ?"

ಮೇಡಂಗೆ ಇನ್ನಷ್ಟು ರೇಗಿತು. "ಇರ್ಲಿ, ನೀನು ನಿನ್ನೆ ಹಾಕಿರೋ ಸೂರ್ಯಾಸ್ತ ನೋಡ್ದೆ. ಕೆರೆ ಒಂದು ಕಡೆ ವಾಲಿದೆ, ನೀರೆಲ್ಲ ಚೆಲ್ಲಿಹೋಗೋ ಹಾಗಿದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸೂರ್ಯಾಸ್ತ."

ತಮ್ಮನ ಮುಖ ಸಣ್ಣದಾಯಿತು. "ಇನ್ನೂರು ಲೈಕ್ ಬಂದಿದೆ ಅದಕ್ಕೆ" ಎಂದವನು ಟೀ ಕುಡಿಯದೆ ಎದ್ದುಹೋದ. ಮೂರನೆಯ ದಿನ ಬೆಳಗ್ಗೆ, ಮೇಡಂ ಡ್ಯೂಟಿಗೆ ಹೊರಡುವ ಹೊತ್ತಿಗೆ, ಅದೇ ಕೆರೆಯನ್ನು ಮಟ್ಟ ಮಾಡಿ ಅವರೊಬ್ಬರಿಗೇ ಕಳಿಸಿದ್ದ. ಕೆಳಗೆ ಒಂದೇ ಮಾತು: "ಈಗ?"

"ನೆಟ್ಟಗಾಗಿದೆ. ಆದ್ರೆ ಇದನ್ನ ಯಾಕೆ ತೆಗ್ದೆ, ಅದನ್ನ ಹೇಳು" ಎಂದು ಬರೆದು, ಅವರು ಬಸ್ಸಿಗೆ ಓಡಿದರು.