ನಾವೆಲ್ಲ ನೋಡಿದ ಕಣ್ಣು

ಮೊನ್ನೆ ಬೀರು ಒತ್ತರಿಸುವಾಗ ಹಳೆಯ ಆಫ್ತಾಲ್ಮೋಸ್ಕೋಪ್ ಸಿಕ್ಕಿತು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ, ಟಾರ್ಚಿನಂಥ ಉಪಕರಣ. ಸೆಲ್ಲು ಸೋರಿ ತುಕ್ಕು ಹಿಡಿದಿತ್ತು. ಆ ಕಮಟು ವಾಸನೆಗೆ ನಮ್ಮ ಸರ್ ನೆನಪಾದರು...

ಎಂಬತ್ತರ ದಶಕದ ಮುಂಬಯಿ. ನಾನು ಚೆಂಬೂರಿನಿಂದ ಲೋಕಲ್ ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದ ಟ್ರೇನಿ ಡಾಕ್ಟರು. ಸರ್ ಧಾರವಾಡದವರು, ಕಣ್ಣಿನ ವಿಭಾಗದ ಮುಖ್ಯಸ್ಥರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ, ಕನ್ನಡ ನನ್ನೊಬ್ಬಳ ಜೊತೆ. ಅವರದೊಂದು ಪದ್ಧತಿಯಿತ್ತು. ರೋಗಿಯನ್ನು ಮುಟ್ಟುವ ಮೊದಲು ಪ್ರತಿ ಬ್ಯಾಚೂ ಅವರ ಕಣ್ಣನ್ನೇ ನೋಡಿ ಕಲಿಯಬೇಕು. ಸ್ಟೂಲಿನ ಮೇಲೆ ಕೂತು, ಗೋಡೆಯ ಗಡಿಯಾರದಲ್ಲಿ ದೃಷ್ಟಿ ನೆಟ್ಟು ಮುಖ ಒಡ್ಡುತ್ತಿದ್ದರು.

"ಕಾಣದಿದ್ರ ಕಾಣಲಿಲ್ಲ ಅನ್ರಿ. ಸುಳ್ಳು ಹೇಳಿದ್ರ ಪಾಪ, ರೋಗಿ ಕುರುಡ ಆಗ್ತಾನ," ಅನ್ನುತ್ತಿದ್ದರು.

ಹೊಸಬರಿಗೆ ಕಾಣುವುದು ಬರೀ ಕೆಂಪು ಮಂಜು. ಆದರೆ ಮುಖ್ಯಸ್ಥರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಾಗಿದವರಿಗೆ ಕಾಣಲಿಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? "ನಾರ್ಮಲ್, ಸರ್," ಎಂದು ಜಾರಿಕೊಳ್ಳುತ್ತಿದ್ದರು. ನಾನು ಸೇರುವ ಮೊದಲೇ ವರ್ಷಗಟ್ಟಲೆ ಹೀಗೇ ನಡೆದಿತ್ತು. ಸರ್ ಬಾಗಿಲಿಗೆ ಭುಜ ತಾಗಿಸಿಕೊಂಡಾಗ ಕನ್ನಡಕ ಬದಲಿಸಿ ಎಂದು ನಾನು ಕೀಟಲೆ ಮಾಡಿದರೆ, "ನನ್ನ ಕಣ್ಣು ಅರ್ಧ ಬಾಂಬೆ ಡಾಕ್ಟರು ನೋಡಿ ನಾರ್ಮಲ್ ಅಂದಾರವಾ," ಎಂದು ನಗುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ.

ನನ್ನ ಸರದಿಯಲ್ಲಿ ಮಂಜು ಸರಿಯಿತು. ಕಣ್ಣಿನ ನರ ಹೊರಡುವಲ್ಲಿ ಒಂದು ಪುಟ್ಟ ಗುಳಿ ಇರುತ್ತದೆ. ಇಲ್ಲಿ ಅದು ಅಂಚಿನವರೆಗೂ ಹರಡಿತ್ತು. ಗ್ಲಾಕೋಮಾ. ನೋವೇ ಇಲ್ಲದೆ ಅಕ್ಕಪಕ್ಕದಿಂದ ದೃಷ್ಟಿ ಕಸಿಯುವ ರೋಗ, ಹೋದದ್ದು ಮರಳುವುದಿಲ್ಲ.

"ಸರ್, ಗುಳಿ ತುಂಬಾ ದೊಡ್ಡದಾಗಿದೆ," ಅಂದೆ.

"ಇನ್ನೊಮ್ಮೆ ನೋಡವಾ."

ನೋಡಿದೆ. ಅದನ್ನೇ ಹೇಳಿದೆ. ಅವರು ಬಹಳ ಹೊತ್ತು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ...

ಔಷಧ, ಆಪರೇಷನ್ ಎಲ್ಲ ಆಯಿತು. ತಡವಾಗಿತ್ತು. ಕೆಲವು ವರ್ಷಗಳ ನಂತರ ಕಾಂದಿವಲಿಯ ಅವರ ಮನೆಗೆ ಹೋದಾಗ, ನನ್ನ ದನಿ ಬಂದ ಕಡೆ ಮುಖ ಒಡ್ಡಿ, "ನೋಡು, ಈಗೇನ್ ಕಾಣಸ್ತದ?" ಅಂದರು. ಬ್ಯಾಗಿನಲ್ಲಿ ಇದೇ ಉಪಕರಣವಿತ್ತು. ನರ ಸುಣ್ಣದಂತೆ ಬಿಳಿಚಿತ್ತು. ಹಾಗೆಂದೇ ಹೇಳಿದೆ. ತಡವರಿಸಿ ನನ್ನ ತಲೆ ಮುಟ್ಟಿ, "ನೀ ಸುಳ್ಳು ಹೇಳಲಿಲ್ಲ," ಅಂದರು. ನಾನು ಸದ್ದಿಲ್ಲದೆ ಅತ್ತೆ.

ಸರ್ ಹೋಗಿ ಎಷ್ಟೋ ವರ್ಷಗಳಾದವು. ಉಪಕರಣವನ್ನು ಒರೆಸಿ ಅಲ್ಲೇ ಇಟ್ಟೆ. ಈಗ ಸ್ಟೂಲಿನ ಮೇಲೆ ಕೂತು ಕಲಿಸುವವಳು ನಾನು. ಹೊಸಬರು ಯಾರಾದರೂ ತಲೆತಗ್ಗಿಸಿ "ಕಾಣಲಿಲ್ಲ, ಮ್ಯಾಡಮ್," ಅಂದರೆ ಬೆನ್ನು ತಟ್ಟಿ ಇನ್ನೊಮ್ಮೆ ಮುಖ ಒಡ್ಡುತ್ತೇನೆ. ಆ ಒಂದು ಮಾತನ್ನು ಸರ್‌ಗೆ ಯಾರೂ ಹೇಳಲಿಲ್ಲವಲ್ಲ...